ಭೀಮರಾಯನ ಕಥೆ ಹೇಳಲು ಹೋಗಿ ಮಗನಿಗೆ ಸೋತಿದ್ದು

ಇಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ನಮ್ಮ ಕಡೆಯ ಇತಿಹಾಸ ಹೇಗೆ ಹೇಳೋದು ಅಂತ ನಿನ್ನೆ ಒಬ್ಬರು ಕೇಳಿದ್ದರಲ್ವಾ? ನಾನು ಪಟ್ಟ ಪಾಡು ಹೇಳುತ್ತೇನೆ ಕೇಳಿ.

ನಮ್ಮೂರು ಕೊಪ್ಪಳ. ಹೋದ ರಜೆಯಲ್ಲಿ ಮಗನನ್ನು ಕೋಟೆ ಹತ್ತಿಸಿದೆ. ಜೊತೆಗೆ ನನ್ನ ಸೋದರಮಾವ. ಮಗ ಇಲ್ಲಿ ಶಾಲೆಯಲ್ಲಿ ಜಾರ್ಜ್ ವಾಷಿಂಗ್ಟನ್ ಪಾಠ ಮುಗಿಸಿದ್ದ. 'ನಮ್ಮಲ್ಲೂ ಒಬ್ಬ ಇದ್ದ, ಮುಂಡರಗಿ ಭೀಮರಾಯ. 1858ರಲ್ಲಿ ಇದೇ ಕೋಟೆಯಲ್ಲಿ ಬ್ರಿಟಿಷರ ಜೊತೆ ಹೋರಾಡಿ ಸತ್ತ' ಅಂದೆ. ನಾನು ಬಾಯಿಪಾಠ ಮಾಡಿದ್ದೇ ಅಷ್ಟು. ಮಗ ಮೊಬೈಲ್ ತೆಗೆದ.

ಆಗ ಮಾವ ಬಾಯಿ ಹಾಕಿದರು. 'ಅಂವಾ ಮೊದ್ಲು ಕಂಪನಿ ಸರ್ಕಾರದಾಗ ನೌಕರಿ ಮಾಡಿದಾಂವ.' ಮಗ ತಲೆ ಎತ್ತಿದ. 'ಹಾಗಾದ್ರೆ ಅವರ ಮೇಲೇ ಯಾಕೆ ತಿರುಗಿಬಿದ್ದ?'

ಮುಂದಿನ ಅರ್ಧ ಗಂಟೆ ಮಾವನದೇ. ಭೀಮರಾಯನ ನೌಕರಿ ಹೋಯಿತು. ಅದರ ಮೇಲೆ 1857ರಲ್ಲಿ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಹಲಗಲಿಯ ಬೇಡರು ಕೊಡಲ್ಲ ಅಂದಿದ್ದಕ್ಕೆ ಅವರ ಊರನ್ನೇ ಸುಟ್ಟರು. ಭೀಮರಾಯ, ಹಮ್ಮಿಗಿ ಊರಿನ ಕೆಂಚನಗೌಡ, ನರಗುಂದದ ಅರಸ ಬಾಬಾಸಾಹೇಬ ಗುಟ್ಟಾಗಿ ಒಂದಾದರು. ಎಲ್ಲ ಕಡೆ ಒಟ್ಟಿಗೆ ಏಳಬೇಕು ಅನ್ನೋದು ಲೆಕ್ಕ. ಆದರೆ 1858ರ ಮೇ ತಿಂಗಳಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧ ಸರ್ಕಾರದವರ ಕಣ್ಣಿಗೆ ಬಿತ್ತು.

'ಗುಟ್ಟು ರಟ್ಟಾದ ಮ್ಯಾಲೆ ಸುಮ್ನ ಕುಂತ್ರ ಹಿಡೀತಾರ. ಎದ್ರ, ಉಳಿದವ್ರು ಇನ್ನೂ ತಯಾರಿಲ್ಲ. ನೀನಾದ್ರ ಏನ್ ಮಾಡ್ತಿದ್ದಿ?' ಅಂತ ಮಾವ ಕೇಳಿದರು. ಮಗ ಮೊಬೈಲ್ ಜೇಬಿಗೆ ಹಾಕಿದ.

ಭೀಮರಾಯ ಎದ್ದೇಬಿಟ್ಟ. ಡಂಬಳದ ಖಜಾನೆ ಲೂಟಿ ಮಾಡಿ, ಮೇ 30ಕ್ಕೆ ಈ ಕೋಟೆ ಹಿಡಿದ. ಕೊಪ್ಪಳ ಆಗ ನಿಜಾಮನ ಸೀಮೆ, ನಿಜಾಮ ಇಂಗ್ಲಿಷರ ಕಡೆ. ನರಗುಂದವೂ ಅದೇ ಹೊತ್ತಿಗೆ ಎದ್ದಿತ್ತು, ಆದರೆ ಇಬ್ಬರೂ ಸೇರಲು ಪುರುಸೊತ್ತೇ ಸಿಗಲಿಲ್ಲ. ಬ್ರಿಟಿಷರ ಮೇಜರ್ ಹ್ಯೂಸ್‌ನ ಪಡೆ ಬಂತು. ಜೂನ್ 1ಕ್ಕೆ ಕೋಟೆಯೂ ಹೋಯಿತು, ಭೀಮರಾಯ, ಕೆಂಚನಗೌಡ ಇಬ್ಬರೂ ಹೋದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

'ಇಷ್ಟು ಗಟ್ಟಿ ಕೋಟೆ ಎರಡೇ ದಿನಕ್ಕಾ?' ಅಂತ ಮಗ ಗೋಡೆ ಗುದ್ದಿ ನೋಡಿದ. ಟಿಪ್ಪು ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ ಕೋಟೆ ಇದು. 1790ರಲ್ಲಿ ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಕಾದಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. 'ಟಿಪ್ಪುಗ ಫೌಜು ಇತ್ತಪಾ, ಇವಗ ಬರೇ ಊರ ಮಂದಿ' ಅಂದರು ಮಾವ, ಮಿರ್ಚಿಯ ತೊಟ್ಟು ಕಿತ್ತು ಮಂಡಕ್ಕಿ ಪೊಟ್ಟಣ ಅವನ ಮುಂದೆ ಹಿಡಿಯುತ್ತಾ.

ಈಗ ವಿಡಿಯೋ ಕಾಲ್ ಮಾಡಿದಾಗೆಲ್ಲ ನಾನು ಬದಿಗೆ. ಆಯುಧ ಸಿಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅಜ್ಜ ಮೊಮ್ಮಗ ವಾದ ಮಾಡುತ್ತಾರೆ. ಮುಂದಿನ ರಜೆಗೆ ಹಮ್ಮಿಗಿಗೆ ಹೋಗೋದು ಅಂತ ನನ್ನನ್ನು ಕೇಳದೇ ಗೊತ್ತುಮಾಡಿದ್ದಾರೆ.