ಓದು ಬಾರದ ಹೆಂಗಸರಿಗೆ ಮಗುವಿನ ಉಸಿರೆಣಿಕೆ ಕಲಿಸೋದು ಹೇಗೆ?

ಕಾಳಿತೀರ
ನಮಸ್ಕಾರ. ಜೋಯಿಡಾ ತಾಲೂಕಿನ ಒಳಭಾಗದಲ್ಲಿ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಮಾಡ್ತೇನೆ. ಕುಣಬಿಗಳ ಊರುಗಳು. ಊರು ಅಂದ್ರೆ ನಾಲ್ಕು ಮನೆ ಇಲ್ಲಿ, ಆರು ಮನೆ ಗುಡ್ಡದ ಆಚೆ. ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ಆಂಬುಲೆನ್ಸ್ ಡಾಂಬರು ರಸ್ತೆ ತನಕ ಮಾತ್ರ ಬರ್ತದೆ. ಅಲ್ಲಿವರೆಗೆ ಕಂಬಳಿ ಜೋಲಿಯಲ್ಲಿ ಹೊತ್ತು ತರಬೇಕು. ಪ್ರತಿ ಕೇರಿಯಿಂದ ಒಬ್ಬ ಹೆಂಗಸನ್ನು ಆರಿಸಿ ತರಬೇತಿ ಕೊಡೋ ಯೋಜನೆ ಇದೆ. ಅರ್ಧದಷ್ಟು ಜನಕ್ಕೆ ಓದು ಬರೋದಿಲ್ಲ, ಮನೆಮಾತು ಕೊಂಕಣಿ. ಹಣ ಕೊಡೋರು ಐದು ದಿನದ ಶಿಬಿರ ಮಾಡಿ ಪ್ರಮಾಣಪತ್ರ ಕೊಟ್ಟು ಮುಗಿಸಿ ಅಂತಾರೆ. ಐದು ದಿನ ಸಾಕಾ? ನ್ಯುಮೋನಿಯಾ ಗುರುತಿಸೋದಕ್ಕೆ ಉಸಿರೆಣಿಸೋದನ್ನು ಹೇಗೆ ಕಲಿಸೋದು?

ಪಡುವಣ
ಊರೂರಿಗೆ ಸರ್ಕಾರದ ಆಶಾ ಕಾರ್ಯಕರ್ತೆಯರು ಇದ್ದಾರಲ್ಲ ಮಾರಾಯ್ರೆ? ಮತ್ತೊಂದು ಪದರ ಯಾಕೆ?

ಕಾಳಿತೀರ
ಇದ್ದಾರೆ, ಚೆನ್ನಾಗೇ ಕೆಲಸ ಮಾಡ್ತಾರೆ. ಆದ್ರೆ ಸಾವಿರ ಜನಕ್ಕೊಬ್ಬರು ಅನ್ನೋ ಲೆಕ್ಕ ಬಯಲಿಗೆ ಸರಿ. ಗುಡ್ಡಗಾಡಿಗೆ ಸಡಿಲಿಕೆ ಇದ್ರೂ, ಇಲ್ಲಿ ಒಬ್ಬರ ವ್ಯಾಪ್ತಿಯ ಎರಡು ತುದಿ ನಡೆದು ಮುಟ್ಟೋದಕ್ಕೇ ದಿನ ಹೋಗ್ತದೆ. ನಮ್ಮ ಹೆಂಗಸರು ಅವರ ಕೈಕೆಳಗೆ, ಅವರಿಗೆ ಸುದ್ದಿ ಮುಟ್ಟಿಸೋರು ಅಷ್ಟೇ.

ನಿವೃತ್ತ ಸಿಸ್ಟರ್, ಚಾಮರಾಜನಗರ
ಐದು ದಿನ ಸಾಲಲ್ಲಪ್ಪ. ಆಶಾಗಳಿಗೇ ಮೊದಲ ವರ್ಷ 23 ದಿನ ಇಟ್ಟಿದ್ರು, ಅದೂ ಐದು ಕಂತಲ್ಲಿ. ಕಂತು ಅನ್ನೋದೇ ಮುಖ್ಯ. ಕಲಿತದ್ದನ್ನ ಊರಲ್ಲಿ ಮಾಡಿ, ಎಡವಟ್ಟು ಎಲ್ಲಿ ಆಯ್ತು ಅಂತ ಹೊತ್ಕೊಂಡು ವಾಪಸ್ ಬರ್ಬೇಕು. ಮಹಾರಾಷ್ಟ್ರದ ಜಾಮಖೇಡದಲ್ಲಿ ಆರೋಳೆ ದಂಪತಿ 1970ರಲ್ಲಿ ಕೆಲಸ ಶುರು ಮಾಡಿದವರು ಹಳ್ಳಿ ಹೆಂಗಸರನ್ನೇ ಆರಿಸಿದ್ರು, ಬಹಳ ಜನಕ್ಕೆ ಅಕ್ಷರ ಗೊತ್ತಿರ್ಲಿಲ್ಲ. ವಾರವಾರ ಕರೆಸಿ ಕಲಿಸಿದ್ರು. ನಿಮ್ಮ ಹಣವಂತರಿಗೆ ಅದನ್ನ ತೋರಿಸಿ.

ಇನ್ನು ಉಸಿರೆಣಿಕೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ದೊಡ್ಡ ಎಣಿಕೆ ಬಾರದ ಸೂಲಗಿತ್ತಿಯರಿಗೆ ಅಂತ ಮಣಿ ಪೋಣಿಸಿದ ಒಂದು ಸಾಧನ ಮಾಡಿದ್ರು, ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸೋದು. ಮರಳು ಇಳಿಯೋದರೊಳಗೆ ಕೆಂಪು ಮಣಿಗೆ ಕೈ ಹೋದ್ರೆ ಮಗು ಆಸ್ಪತ್ರೆಗೆ. ನೀವೇ ದಾರದಲ್ಲಿ ಪೋಣಿಸಿ: ಎರಡು ತಿಂಗಳೊಳಗಿನ ಕೂಸಿಗೆ ಆರನೇ ಮಣಿ ಕೆಂಪು, ಒಂದು ವರ್ಷದೊಳಗೆ ಐದನೇದು, ಐದು ವರ್ಷದೊಳಗೆ ನಾಲ್ಕನೇದು. ಅಂದ್ರೆ ನಿಮಿಷಕ್ಕೆ 60, 50, 40 ಉಸಿರು. ಮೂರು ದಾರ, ಮೂರು ಅಳತೆ.

ಕಲಿಸುವಾಗ ಗೊಂಬೆ ಬೇಡ, ನಿಜವಾದ ಮಗು ಬೇಕು. ಅಂಗನವಾಡಿಯಲ್ಲಿ ಮಧ್ಯಾಹ್ನ ನಿದ್ದೆ ಹೊತ್ತಿಗೆ ಹೋಗಿ ಕೂರಿ. ಹಾಲು ಕುಡಿಯುವಾಗ, ಅಳುವಾಗ ಎಣಿಸಬಾರದು. ಅಂಗಿ ಮೇಲೆತ್ತಿ ಹೊಟ್ಟೆ ಏರೋದನ್ನ ನೋಡ್ಬೇಕು. ಹೊಸಬರು ಏರಿದ್ದೂ ಒಂದು, ಇಳಿದದ್ದೂ ಒಂದು ಅಂತ ಎಣಿಸ್ತಾರೆ, ಆಗ ಊರಿನ ಮಕ್ಕಳಿಗೆಲ್ಲ ನ್ಯುಮೋನಿಯಾ! ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋ ಜಾಣತನವೂ ಬೇಡ, ಎಳೆಗೂಸಿನ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು ಮುಟ್ಟಿದ್ರೆ ಹೊರಡೋ ಮೊದಲು ಇನ್ನೊಮ್ಮೆ ಪೂರ್ತಿ ಎಣಿಸಲಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೀತಿದ್ರೆ, ಹಾಲು ಬಿಟ್ಟಿದ್ರೆ ಮಣಿ ಹಿಡ್ಕೊಂಡು ಕೂರೋದೇ ಬೇಡ, ಹೊರಡೋದೇ.

ಬಂಗ್ ಅವರ ಕಾರ್ಯಕರ್ತೆಯರು ಮನೆಯಲ್ಲೇ ನವಜಾತ ಶಿಶುಗಳಿಗೆ ಇಂಜೆಕ್ಷನ್ ಕೊಟ್ರು, ಸಾವು 62% ಇಳೀತು, 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದನ್ನ ಓದಿ ನೀವೂ ಸೂಜಿ ಕೈಗೆ ಕೊಡಬೇಡಿ. ಅಲ್ಲಿ ಬೆನ್ನ ಹಿಂದೆ ವೈದ್ಯರ ತಂಡ ಇತ್ತು. ನಿಮ್ಮಲ್ಲಿ ರಾತ್ರಿ ಫೋನ್ ಎತ್ತೋರು ಯಾರು? ಮೊದಲು ಅದನ್ನ ಗಟ್ಟಿ ಮಾಡ್ಕೊಳ್ಳಿ.

ಭಾಷೆಗೆ ಚಿಂತೆ ಮಾಡ್ಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಶುರು ಮಾಡಿದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗ ಹೆಣ್ಣುಮಕ್ಕಳನ್ನೇ ಎಎನ್‌ಎಂ, ಅಂದ್ರೆ ಹಳ್ಳಿ ದಾದಿ ಮಾಡಿದ್ರು. ಪೋಡಿನ (ಸೋಲಿಗರ ಕೇರಿ) ಹುಡುಗಿ ಹೇಳಿದ ಮಾತಿಗೆ ಅಜ್ಜಿಯರು ಕೊಡೋ ಬೆಲೆ ನಮ್ಮಂಥ ಸೀರೆ ಉಟ್ಟ ಸಿಸ್ಟರ್‌ಗೆ ಸಿಗ್ತಿರ್ಲಿಲ್ಲ. ಕೊಂಕಣಿಯಲ್ಲೇ ಕಲಿಸಿ.

ಹಾಡಿ ಆಶಾ, ಎಚ್.ಡಿ. ಕೋಟೆ
ಸಿಸ್ಟರ್ ಹೇಳಿದ್ದೆಲ್ಲ ಸರಿ, ಒಂದು ಬಿಟ್ಟೋಯ್ತು. ದುಡ್ಡು. ಆಸ್ಪತ್ರೇಲಿ ಹೆರಿಗೆ ಆದ ಬಾಣಂತಿ ಮನೆಗೆ ನಾವು 3, 7, 14, 21, 28, 42ನೇ ದಿನ ಹೋಗ್ಬೇಕು. ಆರೂ ಭೇಟಿ ಮುಗಿಸಿದ್ರೆ 250 ರೂಪಾಯಿ. ಆನೆ ದಾರಿ ಇರೋ ಹಾಡಿಗೆ (ಕಾಡಂಚಿನ ಆದಿವಾಸಿ ಕೇರಿ) ಜೊತೆಗೊಬ್ಬರನ್ನ ಕರ್ಕೊಂಡು ಹೋದ್ರೆ ಅವರ ಕೂಲಿ ನಮ್ಮ ಕೈಯಿಂದ. ನಿಮ್ಮ ಹೆಂಗಸರಿಗೆ ತರಬೇತಿ ದಿನದ ಕೂಲಿ, ಬಸ್ ಚಾರ್ಜು, ಮಗು ಇದ್ದೋರಿಗೆ ನೋಡ್ಕೊಳ್ಳೋಕೆ ಜನ, ಇಷ್ಟನ್ನ ಬಜೆಟ್‌ನಲ್ಲಿ ಬರೀರಿ. ಸೇವೆ ಅಂತ ಹೇಳಿ ಕರೆದ್ರೆ ನಾಟಿ ಟೈಮಲ್ಲಿ ಒಬ್ರೂ ಬರಲ್ಲ, ಬರಬೇಕು ಅಂತಲೂ ಇಲ್ಲ.

ತೂಕದ ಜೋಳಿಗೆಯನ್ನೂ ಕಲಿಸಿ. ತಕ್ಕಡಿಯಲ್ಲಿ ಬಣ್ಣ ಇರ್ತದೆ, ಓದು ಬೇಕಿಲ್ಲ. ಖಾಲಿ ಜೋಳಿಗೆ ತೂಗುಹಾಕಿ ಮುಳ್ಳು ಸೊನ್ನೆಗೆ ತಂದು ಆಮೇಲೆ ಮಗು ಮಲಗಿಸ್ಬೇಕು. ಎರಡೂವರೆ ಕೆ.ಜಿ.ಗಿಂತ ಕಮ್ಮಿ ಬಂದ್ರೆ ಅವತ್ತೇ ಆಶಾಗೆ ಫೋನ್.

ಕಾಳಿತೀರ
ಸಿಸ್ಟರ್, ಅಕ್ಕ, ಇಬ್ಬರಿಗೂ ಧನ್ಯವಾದ. ವಾರಕ್ಕೊಂದು ದಿನದಂತೆ ಹೊಸ ಪ್ರಸ್ತಾವ ಬರೀತಿದ್ದೇನೆ, ಕೂಲಿ ಸೇರಿಸಿ. ಸಂತೆ ದಿನ ಇಟ್ರೆ ಹೇಗೂ ಜೀಪು ಸಿಗ್ತದೆ. ಮರಳು ಗಡಿಯಾರ ಸಿಗದಿದ್ರೆ ಫೋನಿನ ಟೈಮರ್ ಇಡಬಹುದಾ?

ನಿವೃತ್ತ ಸಿಸ್ಟರ್, ಚಾಮರಾಜನಗರ
ಇಡಿ, ಗಂಟೆ ಹೊಡೆಯೋ ಹಾಗೆ. ಕಣ್ಣು ಹೊಟ್ಟೆ ಮೇಲಿಂದ ಕದಲಬಾರದು. ಚಾರ್ಜ್ ಇಲ್ಲದ ಮನೆಗೆ ಮಾತ್ರ ಸೆಕೆಂಡ್ ಮುಳ್ಳಿನ ವಾಚು ಕೊಡಿ, ಒಬ್ಬರು ವಾಚು ನೋಡಲಿ, ಇನ್ನೊಬ್ಬರು ಎಣಿಸಲಿ.