ಹಾರ್ಟ್‌ವರ್ಮ್‌ಗೆ ಬೆಳ್ಳುಳ್ಳಿ ಕೊಡಬಹುದಾ?

ಪ್ರಶ್ನೆ: ನಾವಿರುವುದು ಹ್ಯೂಸ್ಟನ್‌ನಲ್ಲಿ, ಸೊಳ್ಳೆ ಜಾಸ್ತಿ. ನಮ್ಮ ನಾಯಿ ಕರಿಯನಿಗೆ ಎರಡು ತಿಂಗಳಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಸೊಳ್ಳೆಯಿಂದ ಹರಡುವ ಹೃದಯದ ಹುಳ, ಅಂದರೆ ಹಾರ್ಟ್‌ವರ್ಮ್ ಅಂತ ಬಂತು. ಇಂಜೆಕ್ಷನ್ ಅಂದರೆ ನನಗೇ ಭಯ. ಊರಿಂದ ಅಮ್ಮ ಬೆಳ್ಳುಳ್ಳಿ, ಬೇವು ಕೊಡು ಅನ್ನುತ್ತಾರೆ.

ಉತ್ತರ 1: ಬೆಳ್ಳುಳ್ಳಿ ಬೇಡವೇ ಬೇಡ, ನಾಯಿಯ ರಕ್ತಕ್ಕೆ ಕೆಟ್ಟದ್ದು. ನಮ್ಮ ರಾಣಿಗೆ ಮೊದಲು ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ, ಆಮೇಲೆ ಹುಳ ಕೊಲ್ಲುವ ಮೂರು ಮೆಲಾರ್ಸೊಮಿನ್ ಇಂಜೆಕ್ಷನ್ ಕೊಟ್ಟರು. ಒಂದಾದ ತಿಂಗಳಿಗೆ ಉಳಿದೆರಡು, 24 ಗಂಟೆ ಅಂತರದಲ್ಲಿ. ಸೂಜಿಗಿಂತ ಕಷ್ಟವಾದದ್ದು ಅವಳನ್ನು ಓಡದಂತೆ ಹಿಡಿದಿಟ್ಟದ್ದು. ಓಡಿದರೆ ಸತ್ತ ಹುಳಗಳು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಬರುವ ಅಪಾಯ ಹೆಚ್ಚು.

ಉತ್ತರ 2: ಮೀನೆಣ್ಣೆ ಬೇಕಾದರೆ ಡಾಕ್ಟರನ್ನು ಕೇಳಿ ಕೊಡಿ. ಅದರಿಂದ ಹುಳ ಮಾತ್ರ ಸಾಯುವುದಿಲ್ಲ.

ಪ್ರಶ್ನೆ ಕೇಳಿದವರು: ಓಡಬಾರದಾ! ಅಳಿಲು ಕಂಡರೆ ಇವನನ್ನು ಹಿಡಿಯುವವರು ಯಾರು? ಸರಿ, ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ.