ಅರ್ಧಕ್ಕೆ ನಿಂತ ಪದವಿಯನ್ನು ದೂರಶಿಕ್ಷಣದಲ್ಲಿ ಮುಗಿಸುವುದು: ಹಳೆಯ ಅಂಕಪಟ್ಟಿಗೆ, ಅನುಭವಕ್ಕೆ ಬೆಲೆ ಉಂಟೇ?

ಪ್ರಶ್ನೆ – ಮರಳಿ ಓದುವವ

ನನಗೀಗ 37 ವರ್ಷ. 17 ವರ್ಷಗಳ ಹಿಂದೆ ವಾಣಿಜ್ಯ ಪದವಿಯ ಎರಡನೆಯ ವರ್ಷದ ಪರೀಕ್ಷೆ ಮುಗಿಸಿದ ಮೇಲೆ ಮನೆಯ ಪರಿಸ್ಥಿತಿಯಿಂದಾಗಿ ಕಾಲೇಜು ಬಿಡಬೇಕಾಯಿತು. ಅಲ್ಲಿಂದ ಇಲ್ಲಿಯವರೆಗೂ ಲೆಕ್ಕಪತ್ರ ವಿಭಾಗದಲ್ಲಿಯೇ ದುಡಿಯುತ್ತಿದ್ದೇನೆ. ಈಗ ನನ್ನ ಕೈಕೆಳಗೆ ಆರು ಮಂದಿ ಇದ್ದಾರೆ, ಅವರಲ್ಲಿ ಐವರು ಪದವೀಧರರು. ನನಗೆ ಕೆಲಸ ಬರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ಹುದ್ದೆಗೆ ಅರ್ಜಿ ಹಾಕುವಾಗ ವಿದ್ಯಾರ್ಹತೆಯ ಜಾಗದಲ್ಲಿ ಬರೆಯಲು ಏನೂ ಇಲ್ಲದ ಕಾರಣ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕೆಲಸ ಬಿಟ್ಟು ಓದುವ ಸ್ಥಿತಿಯಲ್ಲಿ ನಾನಿಲ್ಲ. ದೂರಶಿಕ್ಷಣವೋ ಆನ್‌ಲೈನ್ ಪದವಿಯೋ, ಯಾವುದಾದರೂ ಒಂದು ದಾರಿಯಲ್ಲಿ ಮುಗಿಸಬೇಕೆಂದಿದ್ದೇನೆ. ತಿಳಿದವರು ಇವಿಷ್ಟನ್ನು ಸ್ಪಷ್ಟಪಡಿಸಿದರೆ ಉಪಕಾರವಾಗುತ್ತದೆ. ಆ ಹಳೆಯ ಅಂಕಪಟ್ಟಿಗೆ ಇಂದು ಏನಾದರೂ ಬೆಲೆ ಇದೆಯೇ, ಅಥವಾ ಮೊದಲಿನಿಂದ ಆರಂಭಿಸಬೇಕೇ? 17 ವರ್ಷಗಳ ಅನುಭವವನ್ನು ಓದಿನ ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆ ನಿಜವಾಗಿಯೂ ಇದೆಯೇ? ಬಿಡುವಿನಲ್ಲಿ ಮುಗಿಸಿದ ಮೂರು ಆನ್‌ಲೈನ್ ಕೋರ್ಸುಗಳ ಪ್ರಮಾಣಪತ್ರಗಳಿವೆ. ಅವನ್ನು ಪದವಿಗೆ ಸೇರಿಸಿಕೊಳ್ಳುತ್ತಾರೆಯೇ? ಹೀಗೆ ಪಡೆದ ಪದವಿಯನ್ನು ಮುಂದೆ ಯಾರಾದರೂ ಕೀಳಾಗಿ ಕಾಣುತ್ತಾರೆಯೇ? ಕಳೆದ ವಾರ ಒಂದು ಸಂಸ್ಥೆಯವರು ದೂರವಾಣಿ ಮಾಡಿ, ಕೇವಲ ಅನುಭವದ ಆಧಾರದ ಮೇಲೆ ನಾಲ್ಕು ತಿಂಗಳಲ್ಲಿ ಪದವಿ ಕೊಡಿಸುವುದಾಗಿ ಹೇಳಿದರು. ಕೇಳುವುದಕ್ಕೆ ಹಿತವಾಗಿದೆ, ಅದಕ್ಕಾಗಿಯೇ ಅನುಮಾನವೂ ಬಂದಿದೆ.

ಉತ್ತರ 1 – ಪರೀಕ್ಷಾರ್ಥಿ

ನಿಮ್ಮ ಪ್ರಶ್ನೆಗಳ ಸಾಲಿನಲ್ಲಿ ಮೊದಲು ಬರಬೇಕಾದದ್ದೇ ಬಿಟ್ಟುಹೋಗಿದೆ. ಪದವಿ ಕೊಡುವವರು ಯಾರು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದವಕ್ಕೆ ಉತ್ತರ ಹೇಳಬೇಕಾದವರು ಅವರೇ ಹೊರತು ನಾವಲ್ಲ. ಹಳೆಯ ಅಂಕಪಟ್ಟಿಯಾಗಲಿ, ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವಾಗಲಿ ತನ್ನಷ್ಟಕ್ಕೆ ತಾನೇ ಬೆಲೆಯುಳ್ಳ ವಸ್ತುವಲ್ಲ. ಒಂದು ವಿಶ್ವವಿದ್ಯಾಲಯವು ಅದನ್ನು ತನ್ನ ಪಠ್ಯಕ್ರಮದ ಇಂಥ ಪತ್ರಿಕೆಗೆ ಸಮ ಎಂದು ಬರೆದುಕೊಟ್ಟಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ, ಮತ್ತು ಒಂದು ಕಡೆ ಪೂರ್ತಿ ಒಪ್ಪಿಗೆಯಾದದ್ದು ಇನ್ನೊಂದು ಕಡೆ ಪೂರ್ತಿ ತಿರಸ್ಕೃತವಾಗುವುದು ಅಪರೂಪವೇನಲ್ಲ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಎರಡು ವರ್ಷ ಕಣ್ಣಿಗೆ ಬಿದ್ದ ಕೋರ್ಸುಗಳನ್ನೆಲ್ಲ ಮುಗಿಸಿ, 42 ಕ್ರೆಡಿಟ್ (ಮುಗಿಸಿದ ಓದಿನ ಪ್ರಮಾಣವನ್ನು ಎಣಿಸುವ ಮಾನ) ಕೂಡಿಹಾಕಿದ ಮೇಲೆ ಕಾಲೇಜು ಹುಡುಕಲು ಹೊರಟೆ. ಸೇರಿದ ಸಂಸ್ಥೆ ಅದರಲ್ಲಿ 15ನ್ನು ಮಾತ್ರ ಎಣಿಸಿತು. ಅವರ ಮೇಲೆ ನನಗೆ ದೂರಿಲ್ಲ. ನಿಯಮ ಅವರ ಕೈಪಿಡಿಯಲ್ಲಿ ಅಚ್ಚಾಗಿಯೇ ಇತ್ತು, ಓದದೇ ಹೋದವನು ನಾನು.

ಬಹುತೇಕ ವಿಶ್ವವಿದ್ಯಾಲಯಗಳು ಹೊರಗಿನಿಂದ ತಂದ ಕ್ರೆಡಿಟ್‌ಗಳಿಗೆ ಮಿತಿ ಹಾಕಿ, ಓದಿನ ಇಷ್ಟು ಭಾಗವನ್ನಾದರೂ ನಮ್ಮಲ್ಲಿಯೇ ಮುಗಿಸಬೇಕು ಎನ್ನುತ್ತವೆ. ಅಮೆರಿಕದಲ್ಲಿ ಸ್ನಾತಕ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕಾಗುತ್ತದೆ, ಅದರಲ್ಲಿ 30ನ್ನು ತಮ್ಮಲ್ಲಿಯೇ ಗಳಿಸಬೇಕೆನ್ನುವ ಕಾಲೇಜುಗಳು ಬಹಳ. ಈ ಮಿತಿಯನ್ನು ಸಡಿಲಿಸಿ, ಅಲ್ಲಲ್ಲಿ ಚದುರಿಹೋದ ಓದನ್ನು ಕೂಡಿಸಿ ಪದವಿ ಪೂರೈಸಲೆಂದೇ ಹುಟ್ಟಿಕೊಂಡ ಸಂಸ್ಥೆಗಳೂ ಅಲ್ಲಿವೆ: ನ್ಯೂಯಾರ್ಕ್ ರಾಜ್ಯದ ಬಾಹ್ಯ ಪದವಿ ಯೋಜನೆಯಾಗಿ 1971ರಲ್ಲಿ ಆರಂಭವಾದ ಎಕ್ಸೆಲ್ಸಿಯರ್, ನ್ಯೂಜೆರ್ಸಿಯಲ್ಲಿ 1972ರಲ್ಲಿ ಸ್ಥಾಪನೆಯಾದ ಥಾಮಸ್ ಎಡಿಸನ್, ಕನೆಕ್ಟಿಕಟ್‌ನಲ್ಲಿ 1973ರಲ್ಲಿ ಬಂದ ಚಾರ್ಟರ್ ಓಕ್. ನಾನು ಕೊನೆಗೆ ಪದವಿ ಪಡೆದದ್ದು ಇಂಥದೇ ಒಂದು ವ್ಯವಸ್ಥೆಯಲ್ಲಿ, ಹೆಚ್ಚಿನ ಪಾಲು ಪರೀಕ್ಷೆಗಳಿಂದಲೇ.

ಪರೀಕ್ಷೆಯಿಂದ ಕ್ರೆಡಿಟ್ ಎಂದರೆ ತರಗತಿಗೆ ಕೂರದೆ, ಗೊತ್ತಿರುವುದನ್ನು ನೇರವಾಗಿ ತೋರಿಸಿಕೊಡುವುದು. ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಿಂದ ನಡೆಸುತ್ತಿರುವ ಕ್ಲೆಪ್ ಪರೀಕ್ಷೆಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಬಹುಪಾಲು ಪರೀಕ್ಷೆಗಳ ಅವಧಿ ಸುಮಾರು 90 ನಿಮಿಷ. 20ರಿಂದ 80ರವರೆಗಿನ ಅಳತೆಯಲ್ಲಿ 50 ಬಂದರೆ ಕ್ರೆಡಿಟ್ ಕೊಡಬಹುದೆಂಬ ಶಿಫಾರಸು ಇದೆ. ಹಣಕಾಸು ಲೆಕ್ಕಶಾಸ್ತ್ರದ ಪರೀಕ್ಷೆಯೂ ಅದರಲ್ಲಿ ಸೇರಿದೆ, ನಿಮ್ಮಂಥವರಿಗೆ ಅದು ಕಷ್ಟವಾಗಲಾರದು. ಆದರೆ ಶಿಫಾರಸು ಶಿಫಾರಸೇ. ಕೊಡುವುದು ಬಿಡುವುದು ಆಯಾ ಕಾಲೇಜಿಗೆ ಸೇರಿದ್ದು.

ಈ ದಾರಿ ಹೊಸದೇನೂ ಅಲ್ಲ. ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ ವೈದ್ಯಕೀಯವೊಂದನ್ನು ಬಿಟ್ಟು ಉಳಿದ ಪದವಿ ಪರೀಕ್ಷೆಗಳನ್ನು, ಎಲ್ಲಿ ಓದಿದ್ದರೂ ಸರಿ, ಓದಿದವರಿಗೆಲ್ಲ ತೆರೆದಿಟ್ಟಿತು. ಕಲಿಸುವುದು ಒಂದು ಕೆಲಸ, ಕಲಿತದ್ದನ್ನು ಅಳೆಯುವುದು ಇನ್ನೊಂದು ಕೆಲಸ ಎಂಬ ಆ ವಿಂಗಡಣೆಯ ಮೇಲೆಯೇ ಇಂದಿನ ಇಂಥ ವ್ಯವಸ್ಥೆಗಳೆಲ್ಲ ನಿಂತಿವೆ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಎರಡು ಮೂರು ಮಾನ್ಯ ಸಂಸ್ಥೆಗಳನ್ನು ಆರಿಸಿ, ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳ ಪ್ರತಿಗಳನ್ನು ಕಳುಹಿಸಿ, ಯಾವುದನ್ನು ಯಾವ ಪತ್ರಿಕೆಯ ಬದಲಿಗೆ ಒಪ್ಪುತ್ತೀರಿ ಎಂದು ಲಿಖಿತವಾಗಿ ಕೇಳಿ. ದೂರವಾಣಿಯಲ್ಲಿ ಹೇಳಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರೆಹದಲ್ಲಿ ಉತ್ತರ ಬರುವ ತನಕ ಹೊಸ ಕೋರ್ಸಿಗೆ ಒಂದು ಪೈಸೆಯನ್ನೂ ಕಟ್ಟಬೇಡಿ.

ಉತ್ತರ 2 – ಕಡತ ನೋಡುವವಳು

ನೇಮಕಾತಿಯ ಸಮಯದಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಆ ನಾಲ್ಕು ತಿಂಗಳ ಪದವಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಅನುಭವಕ್ಕೆ ಮನ್ನಣೆ ಕೊಡುವ ಪ್ರಾಮಾಣಿಕ ವ್ಯವಸ್ಥೆ ಇದೆ, ಆದರೆ ಅದು ಸುಲಭದ್ದಲ್ಲ. ಫ್ರಾನ್ಸಿನಲ್ಲಿ 2002ರ ಕಾನೂನು ದುಡಿಮೆಯ ಅನುಭವದ ಆಧಾರದ ಮೇಲೆ ಪದವಿಯನ್ನು ಪೂರ್ಣವಾಗಿಯೋ ಭಾಗಶಃವೋ ಪಡೆಯುವ ಹಕ್ಕನ್ನು ಕೊಟ್ಟಿತು. ಅದಕ್ಕಾಗಿ ಅಭ್ಯರ್ಥಿಯು ತಾನು ಮಾಡಿದ ಕೆಲಸದ ವಿವರವಾದ ಕಡತವನ್ನು ಸಿದ್ಧಪಡಿಸಿ, ತೀರ್ಪುಗಾರರ ಮಂಡಳಿಯ ಮುಂದೆ ಸಮರ್ಥಿಸಿಕೊಳ್ಳಬೇಕಾಗುತ್ತದೆ. ಬೇರೆ ದೇಶಗಳಲ್ಲಿಯೂ ಮಾನ್ಯ ವಿಶ್ವವಿದ್ಯಾಲಯಗಳು ಇದನ್ನು ಪತ್ರಿಕೆ ಪತ್ರಿಕೆಯಾಗಿಯೇ ನೋಡುತ್ತವೆ. 17 ವರ್ಷ ದುಡಿದಿದ್ದೇನೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ವೆಚ್ಚ ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ವಿದ್ಯಾರ್ಥಿಗೆ ಏನೇನು ಬರಬೇಕೋ ಅದೆಲ್ಲ ನಿಮಗೆ ಬರುತ್ತದೆ ಎಂಬುದನ್ನು ನೀವು ತಯಾರಿಸಿದ ವರದಿ, ಲೆಕ್ಕ, ದಾಖಲೆಗಳಿಂದ ತೋರಿಸಬೇಕು, ಅದನ್ನು ಆ ವಿಷಯದ ಅಧ್ಯಾಪಕರೊಬ್ಬರು ಓದಿ ಮೌಲ್ಯಮಾಪನ ಮಾಡಬೇಕು.

ನಕಲಿ ಸಂಸ್ಥೆಯಲ್ಲಿ ಈ ಅಳತೆಯೇ ಇರುವುದಿಲ್ಲ. ಹಣ ಕಟ್ಟುತ್ತೀರಿ, ಬಯೋಡಾಟಾ ಕಳುಹಿಸುತ್ತೀರಿ, ಪದವಿ ಬರುತ್ತದೆ. ಹೆಚ್ಚು ಕಟ್ಟಿದವರಿಗೆ ಅಂಕಗಳೂ ಹೆಚ್ಚು ಬಂದಿರುವುದನ್ನು ನಾನು ಕಂಡಿದ್ದೇನೆ. ‘ನಮಗೆ ಅಂತರರಾಷ್ಟ್ರೀಯ ಮಾನ್ಯತೆ ಇದೆ’ ಎಂದು ಅವರು ತೋರಿಸುವ ಮಾನ್ಯತಾ ಮಂಡಳಿಯನ್ನೂ ಎಷ್ಟೋ ಸಲ ಅವರೇ ಹುಟ್ಟುಹಾಕಿರುತ್ತಾರೆ. ಹೀಗಾಗಿ ಸಂಸ್ಥೆಯ ಜಾಲತಾಣದಲ್ಲಿ ಕೊಟ್ಟಿರುವ ಕೊಂಡಿಯನ್ನು ಒತ್ತಿ ಪರಿಶೀಲಿಸಬಾರದು. ಆ ದೇಶದ ಶಿಕ್ಷಣ ನಿಯಂತ್ರಕರ ಪಟ್ಟಿಯನ್ನು ನೀವಾಗಿಯೇ ಹುಡುಕಿ ತೆರೆಯಬೇಕು. ಭಾರತದಲ್ಲಿಯಾದರೆ ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪಟ್ಟಿ, ಅಮೆರಿಕದಲ್ಲಿಯಾದರೆ ಶಿಕ್ಷಣ ಇಲಾಖೆಯದು. ಇನ್ನೊಂದು ಸೂಕ್ಷ್ಮವಿದೆ: ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ದೂರಶಿಕ್ಷಣದ ಕೋರ್ಸಿಗೂ ಇದೆ ಎಂದಾಗುವುದಿಲ್ಲ. ನೀವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂದು ನೋಡಿ.

ಉತ್ತರ 3 – ಬೆಳಗಿನ ಪಾಳಿ

ಪರೀಕ್ಷಾರ್ಥಿಯವರು ಹೇಳಿದ ಕ್ರಮವನ್ನು ಒಪ್ಪುತ್ತೇನೆ. ಪರೀಕ್ಷೆಗಳಿಂದಲೇ ಮುಗಿಸುವ ಸಲಹೆಯನ್ನು ಮಾತ್ರ ಎಲ್ಲರಿಗೂ ಕೊಡಲಾರೆ. 17 ವರ್ಷ ಓದಿನಿಂದ ದೂರವಿದ್ದವರಿಗೆ ವಿಷಯ ಗೊತ್ತಿರಬಹುದು, ಆದರೆ ಒಂದು ವಾದವನ್ನು ಕಟ್ಟಿ ನಾಲ್ಕು ಪುಟ ಬರೆಯುವ ರೂಢಿ ತಪ್ಪಿರುತ್ತದೆ. ನಾನು ದೂರಶಿಕ್ಷಣಕ್ಕೆ ಸೇರಿ ಕಳುಹಿಸಿದ ಮೊದಲ ಅಸೈನ್‌ಮೆಂಟ್ ಅಂಚಿನ ತುಂಬ ಕೆಂಪು ಟಿಪ್ಪಣಿ ಹೊತ್ತು ಮರಳಿ ಬಂದಿತ್ತು. ಆ ಟಿಪ್ಪಣಿಗಳೇ ನನಗೆ ಕಲಿಸಿದವು. ಬರಿಯ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಟಿಪ್ಪಣಿ ಬರುವುದಿಲ್ಲ. ಹಿಂದೆ ಅಂಚೆ ತೆರಪಿನ ಶಿಕ್ಷಣ ಎಂದು ಕರೆಯುತ್ತಿದ್ದ ಕಾಲದಿಂದಲೂ ಒಳ್ಳೆಯ ದೂರಶಿಕ್ಷಣವನ್ನು ಗುರುತಿಸುವುದು ಇದರಿಂದಲೇ: ನೀವು ಬರೆದು ಕಳುಹಿಸಿದ್ದನ್ನು ಯಾರಾದರೂ ನಿಜವಾಗಿ ಓದುತ್ತಾರೆಯೇ?

ಸಮಯದ ವಿಷಯವನ್ನು ಯಾರೂ ಎತ್ತಲಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಸ್ನಾತಕ ಹಂತಕ್ಕೆ ಸೇರಲು ಸಾಮಾನ್ಯವಾಗಿ ಹಿಂದಿನ ವಿದ್ಯಾರ್ಹತೆಯನ್ನೇ ಕೇಳುವುದಿಲ್ಲ ಎಂಬುದು ಅದರ ವಿಶೇಷ. ಅಲ್ಲಿನ ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕು, ಒಂದು ಕ್ರೆಡಿಟ್ ಎಂದರೆ ಸುಮಾರು 10 ಗಂಟೆಗಳ ಓದು. ದುಡಿಯುವವರು ವರ್ಷಕ್ಕೆ 60 ಕ್ರೆಡಿಟ್ ತೆಗೆದುಕೊಂಡರೆ 600 ಗಂಟೆ, ಅಂದರೆ ಪಾಠ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 16ರಿಂದ 18 ಗಂಟೆ, ಹೀಗೆ ಆರು ವರ್ಷ. ಅಮೆರಿಕದ 120 ಮತ್ತು ಬ್ರಿಟನ್ನಿನ ಈ 360 ಬೇರೆ ಬೇರೆ ಅಳತೆಗೋಲುಗಳು, ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಆದರೆ ಗಂಟೆಗಳ ಲೆಕ್ಕದಿಂದ ತಪ್ಪಿಸಿಕೊಳ್ಳಲು ಎಲ್ಲಿಯೂ ಆಗದು. ಯಾವ ದಿನ ಯಾವ ಹೊತ್ತು ಓದುತ್ತೀರಿ ಎಂದು ಮನೆಯವರೊಡನೆ ಕೂತು ಮಾತನಾಡಿದ ನಂತರವೇ ಶುಲ್ಕ ಕಟ್ಟಿ. ನಾನು ಬೆಳಗ್ಗೆ ನಾಲ್ಕೂವರೆಯಿಂದ ಆರೂವರೆಯವರೆಗೆ ಓದುತ್ತಿದ್ದೆ; ರಾತ್ರಿ ಓದುತ್ತೇನೆಂದು ಹೊರಟ ಮೊದಲ ವರ್ಷ ಪುಸ್ತಕದ ಮೇಲೆಯೇ ನಿದ್ದೆ ಹೋದದ್ದೇ ಹೆಚ್ಚು.

ಗಂಟೆಗಳನ್ನು ಕಡಿಮೆ ಮಾಡಿಕೊಳ್ಳಬಲ್ಲವರು ನಿಮ್ಮಂಥ ಅನುಭವಸ್ಥರು ಮಾತ್ರ. 1997ರಲ್ಲಿ ಆರಂಭವಾದ ಅಮೆರಿಕದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯದಲ್ಲಿ ತರಗತಿಯಲ್ಲಿ ಕಳೆದ ಹೊತ್ತನ್ನು ಲೆಕ್ಕಿಸುವುದಿಲ್ಲ, ಸಾಮರ್ಥ್ಯವನ್ನು ಅಳೆಯುತ್ತಾರೆ. ಆರು ತಿಂಗಳಿಗೆ ಒಂದು ನಿಗದಿತ ಶುಲ್ಕ. ಆ ಅವಧಿಯಲ್ಲಿ ನಾಲ್ಕು ಪತ್ರಿಕೆ ಮುಗಿಸಿದರೂ ಎಂಟು ಮುಗಿಸಿದರೂ ಅದು ಬದಲಾಗುವುದಿಲ್ಲ. ಗೊತ್ತಿರುವ ವಿಷಯದ ಮೌಲ್ಯಮಾಪನವನ್ನು ಬೇಗ ಮುಗಿಸಿ, ಗೊತ್ತಿಲ್ಲದ್ದಕ್ಕೆ ಹೊತ್ತು ಕೊಡಬಹುದು.

ಕೀಳಾಗಿ ಕಾಣುತ್ತಾರೆಯೇ ಎಂಬ ಅಳುಕಿಗೆ ಒಂದು ಮಾತು. ನೆಲ್ಸನ್ ಮಂಡೇಲಾ ಅವರು ಸೆರೆಮನೆಯಲ್ಲಿ ಓದು ಮುಂದುವರಿಸಿ, 1989ರಲ್ಲಿ ಕಾನೂನು ಪದವಿ ಪಡೆದದ್ದು ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ. ಮಹಾಪುರುಷರ ಉದಾಹರಣೆಯಿಂದ ನೌಕರಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಹೆಚ್ಚು ಉಪಯೋಗಕ್ಕೆ ಬರುವುದು ನಿಯಮ: ಮಾನ್ಯ ಸಂಸ್ಥೆಗಳ ದೂರಶಿಕ್ಷಣದ ಮತ್ತು ಆನ್‌ಲೈನ್ ಪದವಿಗಳನ್ನು ಸಾಂಪ್ರದಾಯಿಕ ಪದವಿಗೆ ಸಮಾನವೆಂದೇ ಪರಿಗಣಿಸಬೇಕೆಂದು ಭಾರತದ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಪರವಾನಗಿ ಬೇಕಾಗುವ ವೃತ್ತಿಗಳ ಮಾತು ಬೇರೆ. ಅಲ್ಲಿ ಪದವಿ ಮಾನ್ಯವೇ ಎಂದು ಕೇಳಬೇಕಾದದ್ದು ವಿಶ್ವವಿದ್ಯಾಲಯವನ್ನಲ್ಲ, ಆ ವೃತ್ತಿಯ ಮಂಡಳಿಯನ್ನು.

ಮರಳಿ ಓದುವವ

ಮೂವರಿಗೂ ಕೃತಜ್ಞತೆಗಳು. ಆ ನಾಲ್ಕು ತಿಂಗಳ ಸಂಸ್ಥೆಯ ಹೆಸರು ಯಾವ ಅಧಿಕೃತ ಪಟ್ಟಿಯಲ್ಲಿಯೂ ಸಿಗಲಿಲ್ಲ, ಕೈಬಿಟ್ಟಿದ್ದೇನೆ. ಎರಡು ವಿಶ್ವವಿದ್ಯಾಲಯಗಳಿಗೆ ಬರೆದಿದ್ದೆ. ಒಂದು, ಹತ್ತು ವರ್ಷಕ್ಕಿಂತ ಹಳೆಯ ಓದನ್ನು ಪರಿಗಣಿಸುವುದಿಲ್ಲ ಎಂದಿದೆ. ಇನ್ನೊಂದು ಪರಿಗಣಿಸುವುದಾಗಿ ಹೇಳಿ, ಅಂಕಪಟ್ಟಿಯ ಜೊತೆಗೆ ಆ ವರ್ಷಗಳ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನು ಕೇಳಿದೆ. ಆನ್‌ಲೈನ್ ಪ್ರಮಾಣಪತ್ರಗಳಲ್ಲಿ ಮೇಲ್ವಿಚಾರಣೆಯ ಪರೀಕ್ಷೆ ಬರೆದ ಒಂದನ್ನು ಮಾತ್ರ ನೋಡುತ್ತಾರಂತೆ. ನಾನು ಓದಿದ ಕಾಲೇಜಿನವರು ಅಷ್ಟು ಹಳೆಯ ಪಠ್ಯಕ್ರಮ ತಮ್ಮಲ್ಲಿಲ್ಲ ಎನ್ನುತ್ತಿದ್ದಾರೆ. ಎಲ್ಲಿ ವಿಚಾರಿಸಲಿ?

ಕಡತ ನೋಡುವವಳು

ಕಾಲೇಜಿನಲ್ಲಿ ಅಲ್ಲ, ಅದು ಸೇರಿದ್ದ ವಿಶ್ವವಿದ್ಯಾಲಯದಲ್ಲಿ ಕೇಳಿ. ಪಠ್ಯಕ್ರಮವನ್ನು ಅಂಗೀಕರಿಸುವುದು ಅಲ್ಲಿನ ಅಧ್ಯಯನ ಮಂಡಳಿ, ಆದ್ದರಿಂದ ಹಳೆಯ ಪ್ರತಿ ಕುಲಸಚಿವರ ಕಚೇರಿಯ ಶೈಕ್ಷಣಿಕ ವಿಭಾಗದಲ್ಲಿಯೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೋ ಇರುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ ನೀವು ಪ್ರವೇಶ ಪಡೆದ ವರ್ಷ, ನೋಂದಣಿ ಸಂಖ್ಯೆ ಮತ್ತು ಅಂಕಪಟ್ಟಿಯಲ್ಲಿರುವಂತೆಯೇ ಪತ್ರಿಕೆಗಳ ಹೆಸರುಗಳನ್ನು ಬರೆಯಿರಿ. ಪ್ರತಿಯ ಪ್ರತಿ ಪುಟಕ್ಕೂ ಮೊಹರು ಹಾಕಿಸಿ. ಮೊದಲ ಪುಟಕ್ಕೆ ಮಾತ್ರ ಮೊಹರಿದ್ದ ಕಡತಗಳನ್ನು ನಾನೇ ಹಿಂದಕ್ಕೆ ಕಳುಹಿಸಿದ್ದೇನೆ.